ಹದಿಹರೆಯದವರಲ್ಲಿ ಆತ್ಮಹತ್ಯೆಯ ಅಪಾಯ: ಬೋಧನಾಭ್ಯಾಸಕ್ಕೆ ಹೊರಟವರು ತಿಳಿದಿರಬೇಕಾದದ್ದು

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ ‘ಫೇಲಾಗಿದ್ದಕ್ಕೆ ಆತ್ಮಹತ್ಯೆ’ ಎಂಬ ತಲೆಬರಹ ಕಂಡರೆ ನಮಗೆ ಕಾರಣ ತಿಳಿದೇಹೋಯಿತು ಎನಿಸುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಗಳೂ ಉತ್ತರಪತ್ರಿಕೆಯಲ್ಲಿ ಹಾಗೆಯೇ ಬರೆಯುತ್ತಾರೆ. ಸಂಶೋಧನೆ ಹೇಳುವುದು ಬೇರೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ 1,70,924 ಜನರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಹದಿನೆಂಟು ವರ್ಷದೊಳಗಿನವರಲ್ಲಿ ದಾಖಲಾಗುವ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆಯೇ ಮೊದಲು. ಪರೀಕ್ಷೆ ಅದರ ಹಿಂದೆ. ಅದೂ ಪೊಲೀಸರು ಬರೆದುಕೊಂಡ ಒಂದು ಕಾರಣ ಮಾತ್ರ. ಮಗುವಿನ ಮನಸ್ಸಿನಲ್ಲಿ ಅಂಥವು ನಾಲ್ಕಾರು ಹೆಣೆದುಕೊಂಡಿರುತ್ತವೆ.

ಅಮೆರಿಕದ ಮನೋವಿಜ್ಞಾನಿ ಥಾಮಸ್ ಜಾಯ್ನರ್ 2005ರಲ್ಲಿ ಮಂಡಿಸಿದ ಸಿದ್ಧಾಂತ ಈ ಹೆಣಿಗೆಯಲ್ಲಿ ಎರಡು ಎಳೆಗಳನ್ನು ಬೇರ್ಪಡಿಸುತ್ತದೆ: ‘ನಾನು ಯಾರಿಗೂ ಸೇರಿದವನಲ್ಲ’ ಮತ್ತು ‘ನಾನು ಎಲ್ಲರಿಗೂ ಹೊರೆ’. ಎರಡನೆಯದು ನಮ್ಮ ಮಕ್ಕಳ ಬಾಯಲ್ಲಿ ಹೇಗೆ ಬರುತ್ತದೆ ಎಂಬುದನ್ನು ಪ್ರಶಿಕ್ಷಣಾರ್ಥಿಯೊಬ್ಬರು ತಂದು ತೋರಿಸಿದ ಪ್ರಬಂಧದ ಪುಸ್ತಕದಲ್ಲಿ ನೋಡಿದೆ: ‘ನಾ ಇರಲಿಲ್ಲಂದ್ರ ಅವ್ವಗ ಖರ್ಚು ಕಡಿಮಿ ಆಗತಿತ್ತು.’ ವಿಷಯ ‘ನನ್ನ ಕುಟುಂಬ’. ಅವರು ‘ಕಡಿಮಿ’ಯನ್ನು ಕೆಂಪು ಶಾಯಿಯಲ್ಲಿ ‘ಕಡಿಮೆ’ ಎಂದು ತಿದ್ದಿದ್ದರು. ಆದರೂ ವಾಕ್ಯ ಮನಸ್ಸಿಗೆ ಚುಚ್ಚಿದ್ದರಿಂದಲೇ ನನ್ನ ಬಳಿ ತಂದಿದ್ದರು. ಆ ಚುಚ್ಚುವಿಕೆಯನ್ನು ನಂಬಬೇಕು.

ಮೊದಲ ಎಳೆಗೆ ಧಾರವಾಡದಲ್ಲಿ ದೂರ ಹೋಗಬೇಕಿಲ್ಲ. ಸಪ್ತಾಪುರದ ಓಣಿಗಳಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರನ್ನು ನೋಡಿ. ಊರಿನಲ್ಲಿ ‘ಶಾಣ್ಯಾ ಹುಡುಗ’ ಎನಿಸಿಕೊಂಡವನು ಇಲ್ಲಿ ನೂರರಲ್ಲಿ ಒಬ್ಬ. ಭಾನುವಾರ ಫೋನಿನಲ್ಲಿ ಅಪ್ಪನಿಗೆ ‘ಆರಾಮ ಅದೀನಿ’ ಎನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಗ್ಲಾಸ್ಗೋದ ರೋರಿ ಒಕಾನರ್ ಇನ್ನೊಂದು ಅಂಶ ಸೇರಿಸುತ್ತಾರೆ. ಸೋಲು ತಾನಾಗಿ ಅಪಾಯವಲ್ಲ. ಸೋತ ಮೇಲೆ ಹೊರಬರುವ ದಾರಿಯೇ ಇಲ್ಲವೆಂಬ ಸಿಕ್ಕಿಬಿದ್ದ ಭಾವ ಅಪಾಯ. ಈ ದೃಷ್ಟಿಯಿಂದ ನೋಡಿದರೆ 2024ರಿಂದ ನಮ್ಮಲ್ಲಿ ಬಂದಿರುವ, ಎಸ್‌ಎಸ್‌ಎಲ್‌ಸಿಯನ್ನು ಅದೇ ವರ್ಷ ಒಂದಕ್ಕಿಂತ ಹೆಚ್ಚು ಬಾರಿ ಬರೆಯಬಹುದಾದ ಪದ್ಧತಿ ಬರಿಯ ಆಡಳಿತ ಸುಧಾರಣೆಯಲ್ಲ. ಅದರ ಮೌಲ್ಯಮಾಪನದ ಬಗ್ಗೆ ಏನೇ ತಕರಾರಿರಲಿ, ‘ಇನ್ನೂ ಬಾಗಿಲು ಮುಚ್ಚಿಲ್ಲ’ ಎಂದು ಮಗುವಿಗೆ ಹೇಳಲು ಶಿಕ್ಷಕರಿಗೆ ಅದು ಆಧಾರ. ಫಲಿತಾಂಶಕ್ಕೆ ಮೊದಲೇ ತರಗತಿಯಲ್ಲಿ ಹೇಳಿರಬೇಕು, ನಂತರವಲ್ಲ.

ಹಾಗಾದರೆ ಯಾವ ಮಗು ಅಪಾಯದಲ್ಲಿದೆ ಎಂದು ಪಟ್ಟಿ ಹಿಡಿದು ಗುರುತಿಸಬಹುದೇ? ಇಲ್ಲಿ ವಿನಯ ಬೇಕು. 2017ರಲ್ಲಿ ಜೋಸೆಫ್ ಫ್ರಾಂಕ್ಲಿನ್ ಮತ್ತು ಸಂಗಡಿಗರು ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ, ತಿಳಿದಿರುವ ಅಪಾಯಕಾರಿ ಅಂಶಗಳಿಂದ ಮಾಡುವ ಭವಿಷ್ಯನುಡಿ ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪವೇ ಮೇಲು ಎಂದು ಕಂಡುಬಂತು. ಆದ್ದರಿಂದ ಪ್ರಕರಣ ಅಧ್ಯಯನದ ವಹಿಯಲ್ಲಿ ‘ಹೆಚ್ಚು ಅಪಾಯ’, ‘ಕಡಿಮೆ ಅಪಾಯ’ ಎಂದು ಮಕ್ಕಳಿಗೆ ಹಣೆಪಟ್ಟಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಊಹಿಸುವುದಕ್ಕಿಂತ ಕೇಳುವುದು ಮೇಲು.

‘ಕೇಳಿದರೆ ಇಲ್ಲದ ವಿಚಾರ ತಲೆಯಲ್ಲಿ ಬಿತ್ತಿದಂತಾಗುವುದಿಲ್ಲವೇ ಸರ್?’ ಪ್ರತಿ ತಂಡವೂ ಕೇಳುವ ಪ್ರಶ್ನೆ ಇದು. ಮ್ಯಾಡಲಿನ್ ಗೌಲ್ಡ್ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳಲ್ಲಿ ಇದನ್ನೇ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಆತ್ಮಹತ್ಯೆಯ ಬಗ್ಗೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಆ ಯೋಚನೆಯಾಗಲಿ ಹೆಚ್ಚಲಿಲ್ಲ. ಕೇಳುವುದು ಖಾಸಗಿಯಾಗಿ, ನೇರವಾಗಿ, ಮಗುವಿನ ಮಾತಿನಲ್ಲೇ ಇರಲಿ: ‘ಭಾಳ ಬ್ಯಾಸರಾದಾಗ ಸಾಯಬೇಕಂತ ಅನಸೇತೇನು?’ ಆಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಬೇಕು. ಉಪದೇಶ ಬೇಡ, ‘ಅಪ್ಪ-ಅವ್ವನ ಮುಖ ನೋಡು’ ಎಂಬ ಮಾತಂತೂ ಹೊರೆಯ ಭಾವವನ್ನು ಇನ್ನಷ್ಟು ಭಾರವಾಗಿಸುತ್ತದೆ.

ನಮ್ಮ ವೃತ್ತಿಗೆ ಸ್ವಲ್ಪ ಕಹಿಯಾದ ಎರಡು ಫಲಿತಗಳೂ ಇವೆ. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ, ಹನ್ನೊಂದು ಸಾವಿರಕ್ಕೂ ಹೆಚ್ಚು ಮಕ್ಕಳ ನಡುವೆ ನಡೆದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಶಿಕ್ಷಕರಿಗೆ ಲಕ್ಷಣ ಗುರುತಿಸುವ ತರಬೇತಿ ಕೊಟ್ಟದ್ದರಿಂದ ಗಮನಾರ್ಹ ವ್ಯತ್ಯಾಸವಾಗಲಿಲ್ಲ. ಮಕ್ಕಳೇ ಪಾತ್ರಾಭಿನಯ, ಚರ್ಚೆಗಳ ಮೂಲಕ ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಿದ ಐದು ಗಂಟೆಗಳ ಕಾರ್ಯಕ್ರಮದ ನಂತರ, ಹನ್ನೆರಡು ತಿಂಗಳಲ್ಲಿ ಹೊಸ ಆತ್ಮಹತ್ಯಾ ಪ್ರಯತ್ನಗಳು ಸುಮಾರು ಅರ್ಧದಷ್ಟು ಕಡಿಮೆಯಿದ್ದವು. ಬಿಹಾರದ 74 ಶಾಲೆಗಳ ‘ಸೆಹರ್’ ಪ್ರಯೋಗದಲ್ಲಿ (2018) ಶಾಲಾ ವಾತಾವರಣ ಸುಧಾರಿಸುವ ಕೆಲಸಕ್ಕೆಂದೇ ನೇಮಿಸಿದ ಸ್ಥಳೀಯ ಸಲಹೆಗಾರರಿಂದ ಖಿನ್ನತೆ, ಪೀಡನೆ ಇಳಿದವು. ಅದೇ ಕೆಲಸವನ್ನು ಶಿಕ್ಷಕರು ಮಾಡಿದ ಕಡೆ ಪರಿಣಾಮ ಕಾಣಲಿಲ್ಲ. ಶಿಕ್ಷಕರು ಅಸಮರ್ಥರೆಂದು ಇದರ ಅರ್ಥವಲ್ಲ. ಪಾಠ, ಬಿಸಿಯೂಟ, ಗಣತಿಯ ನಡುವೆ ಇದನ್ನೂ ತುರುಕಿದರೆ ಆಗುವುದಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಒಂದು ದಿನದ ಕಾರ್ಯಾಗಾರ ಮಾಡಿ ಫೋಟೊ ತೆಗೆಸಿಕೊಳ್ಳುವ ನಮ್ಮ ರೂಢಿಯನ್ನೂ ಇದರ ಬೆಳಕಿನಲ್ಲಿ ನೋಡಬೇಕು. ಪಾತ್ರಾಭಿನಯದ ಪಾಠ ಯೋಜನೆ ಬರೆಯುವುದು ನಮ್ಮವರಿಗೆ ಚೆನ್ನಾಗಿಯೇ ಗೊತ್ತಿದೆಯಲ್ಲ.

ಒಂದು ಮಗು ‘ಹೌದು ಟೀಚರ್’ ಎಂದರೆ? ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆ ಕೊಡಬೇಡಿ. ‘ನಿನಗ ಸಹಾಯ ಮಾಡೋರಿಗೆ ಅಷ್ಟ ಹೇಳತೀನಿ, ಯಾರಿಗೆ ಅಂತ ನಿನಗೂ ತಿಳಸತೀನಿ’ ಎನ್ನಿ. ಒಂಟಿಯಾಗಿ ಬಿಡದೆ ಅಂದೇ ಮಾರ್ಗದರ್ಶಿ ಶಿಕ್ಷಕರಿಗೆ, ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಮನೆಯವರೇ ಸಂಕಟದ ಮೂಲವಾಗಿದ್ದರೆ ಅವರಿಗೆ ಫೋನ್ ಮಾಡುವ ಮುನ್ನ ಯೋಚಿಸಿ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೋ ಕಾಯ್ದೆಯಡಿ ವರದಿ ಮಾಡುವುದು ಕಡ್ಡಾಯ, ಮಕ್ಕಳ ಸಹಾಯವಾಣಿ 1098. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಟೆಲಿ-ಮಾನಸ್ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಜೊತೆ ಕೂತು ನೀವೇ ಹಚ್ಚಿಕೊಡಬಹುದು.

ಇನ್ನೊಂದು ವಿಷಯ ಪ್ರಶಿಕ್ಷಣಾರ್ಥಿಗಳಿಗೇ ವಿಶೇಷ. ಹದಿನಾರು ವಾರ ಮುಗಿದ ಕೂಡಲೇ ನೀವು ಹೊರಟುಬಿಡುತ್ತೀರಿ, ಮಗು ಅಲ್ಲೇ ಉಳಿಯುತ್ತದೆ. ಹೊರಡುವ ದಿನಾಂಕವನ್ನು ಅದಕ್ಕೆ ಮೊದಲೇ ಹೇಳಿ, ಶಾಲೆಯ ಒಬ್ಬ ಕಾಯಂ ಶಿಕ್ಷಕರನ್ನು ಕರೆದು ಮೂವರೂ ಒಟ್ಟಿಗೆ ಒಮ್ಮೆಯಾದರೂ ಕೂತು ಮಾತಾಡಿ. ಆ ಮಾತುಕತೆಯ ವಿವರ ಮೌಲ್ಯಮಾಪನಕ್ಕೆ ಬರುವ ನಿಮ್ಮ ವಹಿಯಲ್ಲಿ ಇರಕೂಡದು. ಅದಕ್ಕಾಗಿ ಅಂಕ ಕಡಿಮೆಯಾಗದಂತೆ ನಾವು ಪರೀಕ್ಷಕರು ನೋಡಿಕೊಳ್ಳುತ್ತೇವೆ.