ಪೌಡರಿನ ಪರಿಮಳ ಪೌಡರಿನದಲ್ಲ!

ಮದುವೆಗಳ ಕಾಲದಲ್ಲಿ ಹದಡಿಯಿಂದ ದಾವಣಗೆರೆಗೆ ಹೋಗುವ ಬೆಳಗಿನ ಬಸ್ಸು ಹತ್ತಿದವರಿಗೆ ಒಂದು ವಾಸನೆ ಚೆನ್ನಾಗಿ ಗೊತ್ತು. ಮುಡಿದ ಮಲ್ಲಿಗೆಯದು ಸ್ವಲ್ಪ, ಟ್ರಂಕಿನಿಂದ ತೆಗೆದ ರೇಷ್ಮೆ ಸೀರೆಯದು ಸ್ವಲ್ಪ. ಅವೆರಡರ ನಡುವೆ ಮೆತ್ತಗಿನ, ಹೂವಿನಂತಿದ್ದೂ ಯಾವ ಹೂವೆಂದು ಹೇಳಲಾಗದ ಇನ್ನೊಂದು ಪರಿಮಳ. ಅದಕ್ಕೆ ನಾವೆಲ್ಲ ‘ಪೌಡರ್ ವಾಸನೆ’ ಎಂದು ಹೆಸರಿಟ್ಟುಬಿಟ್ಟಿದ್ದೇವೆ. ಹಳೆಯ ಕಾಲದ ನೆನಪು ತರುವ ಕೆಲವು ಸೆಂಟುಗಳಲ್ಲೂ ಇದೇ ಮೃದುವಾದ ವಾಸನೆ ಇರುತ್ತದೆ. ಸುಗಂಧ ತಯಾರಕರು ಅವನ್ನು ‘ಪೌಡರಿನಂಥ’ ಸುಗಂಧಗಳೆಂದೇ ಕರೆಯುತ್ತಾರೆ.

ಹಾಗಾದರೆ ಪೌಡರಿಗೆ ಈ ವಾಸನೆ ಎಲ್ಲಿಂದ ಬಂತು? ತರಗತಿಯಲ್ಲಿ ಕೇಳಿದರೆ ಹೆಚ್ಚಿನ ಮಕ್ಕಳು, "ಅದು ಪೌಡರಿನದೇ ಗುಣ ಸಾರ್" ಎನ್ನುತ್ತಾರೆ. ನಿಜಸಂಗತಿ ಬೇರೆಯೇ ಇದೆ. ಅದನ್ನು ತಿಳಿಯುವುದು ಮಕ್ಕಳ ರಸಾಯನಶಾಸ್ತ್ರದ ಪಾಠಕ್ಕಷ್ಟೇ ಅಲ್ಲ, ಮನೆಯಲ್ಲಿ ಹಸುಗೂಸು ಇರುವ ತಂದೆತಾಯಿಯರಿಗೂ ಉಪಯುಕ್ತ.

ಬಳಪಕ್ಕೆ ವಾಸನೆಯುಂಟೆ?

ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರಿನ ಮುಖ್ಯ ವಸ್ತು ಟಾಲ್ಕ್ ಎಂಬ ಖನಿಜ. ಇದು ನೀರಿನಂಶವುಳ್ಳ ಮೆಗ್ನೀಷಿಯಂ ಸಿಲಿಕೇಟ್. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10 ಅಂಕವಾದರೆ ಟಾಲ್ಕ್‌ಗೆ ಕೇವಲ 1. ಅದರ ಅಣುಗಳು ಪದರ ಪದರವಾಗಿ ಜೋಡಣೆಗೊಂಡಿವೆ. ಬೆರಳಿನಿಂದ ತಿಕ್ಕಿದರೆ ಪದರಗಳು ಒಂದರ ಮೇಲೊಂದು ಜಾರುತ್ತವೆ. ಪೌಡರಿನ ನುಣುಪಿಗೆ ಇದೇ ಕಾರಣ.

ಟಾಲ್ಕ್ ಹೆಚ್ಚಾಗಿರುವ ಕಲ್ಲೇ ಬಳಪದ ಕಲ್ಲು. ನಮ್ಮ ತಲೆಮಾರಿನವರು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ್ದು ಇದರಿಂದಲೇ. ಹೊಯ್ಸಳ ಶಿಲ್ಪಿಗಳು ಸೂಕ್ಷ್ಮ ಕೆತ್ತನೆಗೆ ಆರಿಸಿಕೊಂಡದ್ದೂ ಇಂಥ ಮೃದುವಾದ ಕಲ್ಲನ್ನೇ. ಹರಿಹರದ ಹರಿಹರೇಶ್ವರ ದೇವಾಲಯ ಹೊಯ್ಸಳರ ಕಾಲದಲ್ಲಿ, 1224ರ ಸುಮಾರಿಗೆ ಕಟ್ಟಿದ್ದು. ಮುಂದಿನ ಬಾರಿ ಹೋದಾಗ ಅದರ ಕಂಬಗಳ ನುಣುಪನ್ನು ನೋಡಿ. ಕಲ್ಲಿಗೆ ವಾಸನೆ ಇದೆಯೇ? ಇಲ್ಲ. ವಾಸನೆ ಬರಬೇಕಾದರೆ ವಸ್ತುವಿನ ಅಣುಗಳು ಆವಿಯಾಗಿ ಗಾಳಿಯಲ್ಲಿ ತೇಲಿ ಮೂಗಿನೊಳಕ್ಕೆ ಬರಬೇಕು. ಕಲ್ಲಿನ ಅಣುಗಳು ಹಾಗೆ ಹಾರುವುದಿಲ್ಲ. ಪುಡಿ ಮಾಡಿದ ಮಾತ್ರಕ್ಕೆ ಕಲ್ಲು ಕಲ್ಲಲ್ಲದೆ ಹೋದೀತೆ?

ಅಂದರೆ ಪೌಡರಿನ ಪರಿಮಳ ಪೌಡರಿನದಲ್ಲ. ಅದು ಹೊರಗಿನಿಂದ ಬೆರೆಸಿದ್ದು.

ಬೇರಿನ ಪುಡಿ ತಂದ ಹೆಸರು

ಬೆರೆಸುವ ಪರಿಮಳ ಈ ಬಗೆಯದೇ ಏಕಾಯಿತು? ಇದಕ್ಕೆ ಉತ್ತರ ಯುರೋಪಿನ ಇತಿಹಾಸದಲ್ಲಿದೆ. ಅಲ್ಲಿನ ಸಿರಿವಂತರು ಒಂದು ಕಾಲದಲ್ಲಿ ಕೂದಲಿಗೂ ಮುಖಕ್ಕೂ ಪುಡಿ ಹಚ್ಚಿಕೊಳ್ಳುತ್ತಿದ್ದರು. ಆ ಪುಡಿಗೆ ಐರಿಸ್ ಎಂಬ ಗಿಡದ ಒಣಗಿಸಿದ ಬೇರುಗಡ್ಡೆಯನ್ನು ಕುಟ್ಟಿ ಸೇರಿಸುತ್ತಿದ್ದರು. ಹಸಿ ಗಡ್ಡೆಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಅದನ್ನು ಮೂರು ನಾಲ್ಕು ವರ್ಷ ಒಣಗಿಸಿಟ್ಟರೆ ಮಾತ್ರ ಐರೋನ್ ಎಂಬ ಸುಗಂಧ ವಸ್ತುಗಳು ನಿಧಾನವಾಗಿ ಉಂಟಾಗುತ್ತವೆ. ಇವುಗಳ ವಾಸನೆ ವಯೊಲೆಟ್ ಹೂವಿನದನ್ನು ಹೋಲುತ್ತದೆ. ಪುಡಿ ಎಂದರೆ ಈ ವಾಸನೆ ಎಂದು ಜನರ ಮೂಗಿಗೆ ರೂಢಿಯಾಯಿತು. ಬೇರಿನ ಪುಡಿ ಹೋದರೂ ರೂಢಿ ಹೋಗಲಿಲ್ಲ.

ಆದರೆ ವರ್ಷಗಟ್ಟಲೆ ಕಾಯುವ ಬೇರು ಬಲು ದುಬಾರಿ. 1893ರಲ್ಲಿ ಜರ್ಮನಿಯ ಟೀಮನ್ ಮತ್ತು ಕ್ರೂಗರ್ ಎಂಬ ರಸಾಯನ ವಿಜ್ಞಾನಿಗಳು ಐರೋನಿನ ರಚನೆಯನ್ನು ಹುಡುಕುತ್ತ ಅದರ ಹತ್ತಿರದ ಬಂಧುವಾದ ಅಯೋನೋನ್ ತಯಾರಿಸಿದರು. ಕಚ್ಚಾವಸ್ತು ಯಾವುದು ಗೊತ್ತೆ? ನಿಂಬೆಹುಲ್ಲಿನ (ಮಜ್ಜಿಗೆಹುಲ್ಲು) ಎಣ್ಣೆಯಲ್ಲಿರುವ ಸಿಟ್ರಾಲ್. ಅದನ್ನು ಅಸಿಟೋನಿನೊಡನೆ ಸೇರಿಸಿ ಆಮ್ಲದಿಂದ ಸಂಸ್ಕರಿಸಿದರೆ ಅಯೋನೋನ್ ಸಿಗುತ್ತದೆ. ಇದಕ್ಕೆ ಬೇಕಾದ ನಿಂಬೆಹುಲ್ಲಿನ ಎಣ್ಣೆ ನಮ್ಮ ನೆರೆಯ ಕೇರಳದಿಂದಲೇ ಯುರೋಪಿಗೆ ಹೋಗುತ್ತಿತ್ತು!

ಪೌಡರ್ ಪರಿಮಳದ ಇನ್ನೊಂದು ವಸ್ತು ಹೆಲಿಯೋಟ್ರೋಪಿನ್. ಇದರ ರಾಸಾಯನಿಕ ಹೆಸರು ಪೈಪರೊನಾಲ್. ಕಾಳುಮೆಣಸಿನ ಪೈಪರೀನಿನಿಂದ ಮೊದಲು ದೊರೆತದ್ದರಿಂದ ಈ ಹೆಸರು. ಖಾರದ ಮೆಣಸಿನಿಂದ ವೆನಿಲಾದಂಥ ಮೆತ್ತನೆಯ ಪರಿಮಳ! 1912ರಲ್ಲಿ ಪ್ಯಾರಿಸಿನ ಗೆರ್ಲಾಂ ಸಂಸ್ಥೆ ಹೊರತಂದ ‘ಲರ್ ಬ್ಲ್ಯೂ’ ಎಂಬ ಪ್ರಸಿದ್ಧ ಸೆಂಟಿನ ಮೃದುತ್ವ ಐರಿಸ್, ವಯೊಲೆಟ್, ಹೆಲಿಯೋಟ್ರೋಪಿನ್‌ಗಳ ಇಂಥ ಮಿಶ್ರಣದಿಂದಲೇ ಬಂದದ್ದು.

ಅಯೋನೋನಿನದು ಇನ್ನೂ ಒಂದು ಸೋಜಿಗ. ಕ್ಯಾರೆಟ್ಟಿನ ಬೀಟಾ ಕ್ಯಾರೊಟೀನ್ ಒಡೆದಾಗ ಬೀಟಾ ಅಯೋನೋನ್ ಉಂಟಾಗುತ್ತದೆ. ಕಾರ್ಖಾನೆಗಳಲ್ಲಿ ‘ಎ’ ಜೀವಸತ್ವ ತಯಾರಿಸಲು ಅದೇ ಮೂಲವಸ್ತು. ಆದರೆ ಅದರ ವಾಸನೆ ಎಲ್ಲರಿಗೂ ಒಂದೇ ತೆರನಾಗಿ ಗೊತ್ತಾಗುವುದಿಲ್ಲ. ಒಂದು ಜೀನಿನಲ್ಲಿರುವ ವ್ಯತ್ಯಾಸದಿಂದ ಕೆಲವರಿಗೆ ಅದು ಹೂವಿನ ಪರಿಮಳ, ಕೆಲವರಿಗೆ ಹುಳಿ ವಾಸನೆ ಎಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಕ್ಕನಿಗೆ ಹಿಡಿಸಿದ ಸೆಂಟು ತಮ್ಮನಿಗೆ ಹಿಡಿಸದಿದ್ದರೆ ಜಗಳ ಬೇಡ. ಇಬ್ಬರೂ ಸರಿಯಿರಬಹುದು!

ನಮ್ಮ ಶ್ರೀಗಂಧದ ಪಾತ್ರ

ಕನ್ನಡ ನಾಡಿನ ಪೌಡರ್, ಸಾಬೂನುಗಳಿಗೆ ತಮ್ಮದೇ ಗುರುತು ಕೊಟ್ಟದ್ದು ಶ್ರೀಗಂಧ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾದಾಗ ಆ ಮಾರುಕಟ್ಟೆ ಮುಚ್ಚಿ ಮರ ರಾಶಿ ಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ಭಟ್ಟಿ ಇಳಿಸುವ ಪ್ರಯೋಗ ನಡೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಸರ್ಕಾರಿ ಗಂಧದೆಣ್ಣೆಯ ತಯಾರಿಕೆ ಆರಂಭವಾಯಿತು. ಆ ಎಣ್ಣೆಯಿಂದ ಮೈಸೂರ್ ಸ್ಯಾಂಡಲ್ ಸಾಬೂನು ರೂಪಿಸಿದವರು ರಸಾಯನ ತಜ್ಞ ಎಸ್. ಜಿ. ಶಾಸ್ತ್ರಿ. ಆಮೇಲೆ ಅದೇ ಹೆಸರಿನ ಟಾಲ್ಕಂ ಪೌಡರೂ ಬಂತು.

ಗಂಧದೆಣ್ಣೆಯ ಮುಖ್ಯ ಘಟಕ ಸ್ಯಾಂಟಲಾಲ್. ಅದರ ಕುದಿಬಿಂದು 300 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕಿತ್ತಳೆ ಸಿಪ್ಪೆಯ ಲಿಮೊನೀನಿನದು 176. ಆದ್ದರಿಂದ ಕಿತ್ತಳೆಯ ಘಮ ಬೇಗನೆ ಹಾರಿಹೋಗುತ್ತದೆ, ಗಂಧದ್ದು ನಿಧಾನವಾಗಿ ಏಳುತ್ತದೆ. ಜೊತೆಗಿರುವ ಹಗುರ ಪರಿಮಳಗಳನ್ನೂ ಅದು ಹಿಡಿದಿಡುತ್ತದೆ. ಮೃದುವಾದ, ಬಹಳ ಹೊತ್ತು ನಿಲ್ಲುವ ಸುಗಂಧಗಳಲ್ಲಿ ಇಂಥ ಭಾರವಾದ ಅಣುಗಳದೇ ಮೇಲುಗೈ.

ಪಾಲಕರ ಗಮನಕ್ಕೆ

ಪರಿಮಳ ಬೇರೆ, ಪುಡಿ ಬೇರೆ ಎಂಬುದು ತಿಳಿದ ಮೇಲೆ ಒಂದು ಎಚ್ಚರದ ಮಾತು. ಮಗುವಿಗೆ ಸ್ನಾನ ಮಾಡಿಸಿ ಮೈತುಂಬ ಪೌಡರ್ ಉದುರಿಸುವುದು ನಮ್ಮಲ್ಲಿ ಪ್ರೀತಿಯ ಪದ್ಧತಿ. ಆದರೆ ಗಾಳಿಯಲ್ಲಿ ಏಳುವ ನಯವಾದ ದೂಳು ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ ಶಿಶುಗಳಿಗೆ ಪೌಡರ್ ಬೇಡವೆಂದೇ ಹೇಳುತ್ತ ಬಂದಿದೆ. ಭೂಮಿಯಲ್ಲಿ ಟಾಲ್ಕ್ ಇರುವ ಕಡೆ ಅಪಾಯಕಾರಿ ಕಲ್ನಾರೂ ಇರುವ ಸಂಭವವುಂಟು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಟಾಲ್ಕನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ಗಳ ಪಟ್ಟಿಗೆ ಸೇರಿಸಿತು. ಇದು ಸಾಕ್ಷ್ಯ ಎಷ್ಟು ಬಲವಾಗಿದೆ ಎಂಬುದರ ವರ್ಗೀಕರಣ. ಒಮ್ಮೆ ಹಚ್ಚಿದ ಕೂಡಲೇ ರೋಗ ಬರುತ್ತದೆ ಎಂದು ಗಾಬರಿಯಾಗಬೇಕಿಲ್ಲ.

ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಜಗತ್ತಿನೆಲ್ಲೆಡೆ ತನ್ನ ಮಕ್ಕಳ ಪೌಡರಿನಲ್ಲಿ ಟಾಲ್ಕ್ ಬಳಸುವುದನ್ನು 2023ರಲ್ಲಿ ಕೈಬಿಟ್ಟು ಮೆಕ್ಕೆಜೋಳದ ಪಿಷ್ಟಕ್ಕೆ ಬದಲಾಯಿಸಿತು. ಪಿಷ್ಟವೂ ದೂಳೇ ಎಂಬುದನ್ನು ಮರೆಯಬಾರದು. ಮಗುವಿನ ಚರ್ಮಕ್ಕೆ ಬೇಕಾದದ್ದು ಶುಚಿ ಮತ್ತು ಒಣ ಬಟ್ಟೆ, ಸುವಾಸನೆಯಲ್ಲ. ದೊಡ್ಡವರು ಹಚ್ಚಿಕೊಳ್ಳುವಾಗಲೂ ಅಂಗೈಗೆ ಸ್ವಲ್ಪ ಹಾಕಿಕೊಂಡು, ಮುಖದಿಂದ ದೂರ ಹಿಡಿದು ತಿಕ್ಕಿಕೊಳ್ಳುವುದು ಲೇಸು. ಪರಿಮಳವೇ ಬೇಕೆಂದಿದ್ದರೆ ಬಟ್ಟೆಗಳ ನಡುವೆ ಒಂದು ಲಾವಂಚದ ಕಟ್ಟು ಸಾಕು.

ಮನೆಯಲ್ಲೇ ಮಾಡಿ ನೋಡಿ

ಎರಡು ಮುಚ್ಚಳದ ಡಬ್ಬಿಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಬಿಳಿ ಎಳ್ಳು, ಇನ್ನೊಂದರಲ್ಲಿ ಅಷ್ಟೇ ಅಕ್ಕಿಹಿಟ್ಟು ಹಾಕಿ. ತೆಳುಬಟ್ಟೆಯಲ್ಲಿ ಕಟ್ಟಿದ ಹಡಗಲಿ ಮಲ್ಲಿಗೆ ಹೂಗಳನ್ನು ಎರಡರಲ್ಲೂ ಇಟ್ಟು ಮುಚ್ಚಿ. ದಿನಕ್ಕೊಮ್ಮೆ ಹೂ ಬದಲಿಸುತ್ತ ಮೂರು ದಿನ ಬಿಡಿ. ಆಮೇಲೆ ಹೂ ತೆಗೆದು, ಗಾಳಿಗಿಟ್ಟು, ಎರಡನ್ನೂ ಗಂಟೆಗೊಮ್ಮೆ ಮೂಸಿ ಬರೆದುಕೊಳ್ಳಿ. ಯಾವುದು ಪರಿಮಳವನ್ನು ಹೆಚ್ಚು ಹಿಡಿಯಿತು? ಯಾವುದು ಹೆಚ್ಚು ಹೊತ್ತು ಉಳಿಸಿಕೊಂಡಿತು? ಎಳ್ಳಿನಲ್ಲಿ ಎಣ್ಣೆ ಇದೆ, ಅಕ್ಕಿಹಿಟ್ಟಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂಬುದು ನೆನಪಿರಲಿ. ಉತ್ತರ ಅಲ್ಲೇ ಇದೆ. ಹೂವೆಣ್ಣೆ ಮಾಡುವವರು ಎಳ್ಳನ್ನೇ ಏಕೆ ಆರಿಸಿಕೊಂಡರು ಎಂಬುದೂ ಆಗ ನಿಮಗೇ ಹೊಳೆಯುತ್ತದೆ.