ಗುದ್ದಿಗೆ ಮುಪ್ಪು ಬರುವುದು ಕೊನೆಗೆ

1994ರ ನವೆಂಬರ್ 5ರ ರಾತ್ರಿ. ಅಮೆರಿಕದ ಲಾಸ್ ವೇಗಾಸ್‌ನಲ್ಲಿ ವಿಶ್ವ ಹೆವಿವೇಟ್ ಬಾಕ್ಸಿಂಗ್ ಪಟ್ಟಕ್ಕಾಗಿ ಸೆಣಸಾಟ. ಒಂದು ಕಡೆ 26ರ ಹರೆಯದ ಚಾಂಪಿಯನ್ ಮೈಕೇಲ್ ಮೂರರ್. ಇನ್ನೊಂದು ಕಡೆ ಬೋಳುತಲೆಯ, ಸೊಂಟದ ಸುತ್ತ ಬೊಜ್ಜು ಬೆಳೆದ, 45 ವರ್ಷದ ಜಾರ್ಜ್ ಫೋರ್‌ಮನ್. ಒಂಬತ್ತು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಫೋರ್‌ಮನ್ ಹಿಂದೆ ಬಿದ್ದಿದ್ದ. ಹತ್ತನೆಯ ಸುತ್ತಿನಲ್ಲಿ ಅವನ ಬಲಗೈಯ ನೇರ ಗುದ್ದೊಂದು ಮೂರರ್‌ನ ದವಡೆಗೆ ತಾಗಿತು. ಅಂಗಾತ ಬಿದ್ದ ಚಾಂಪಿಯನ್ ರೆಫರಿ ಹತ್ತು ಎಣಿಸುವವರೆಗೂ ಏಳಲಿಲ್ಲ.

ಇದಕ್ಕೆ 20 ವರ್ಷ ಹಿಂದೆ, 1974ರ ಅಕ್ಟೋಬರ್‌ನಲ್ಲಿ, ಜೈರ್ ದೇಶದ ಕಿನ್ಷಾಸಾದಲ್ಲಿ ಇದೇ ಫೋರ್‌ಮನ್‌ನಿಂದ ಮಹಮದ್ ಅಲಿ ಪಟ್ಟ ಕಸಿದುಕೊಂಡಿದ್ದ. ಅಂದು ಸೋತಾಗ ತೊಟ್ಟಿದ್ದ ಕೆಂಪು ಚಡ್ಡಿಯನ್ನೇ ತೊಟ್ಟು ಫೋರ್‌ಮನ್ ಪಟ್ಟವನ್ನು ಮರಳಿ ಪಡೆದ. ಹಾಗಾದರೆ ಬಾಕ್ಸರ್‌ನ ಗುದ್ದಿಗೆ ಮುಪ್ಪು ಎಂಬುದೇ ಇಲ್ಲವೇ?

ಇದೆ. ಆದರೆ ಅದು ಬರುವುದು ಕೊನೆಗೆ. ಹಳೆಯ ಬಾಕ್ಸರ್‌ಗಳು ಮೋಸಹೋಗುವುದೂ ಅಲ್ಲಿಯೇ.

ಪಾದದಲ್ಲಿ ಹುಟ್ಟುವ ಗುದ್ದು

ನೋಡುವವರ ಕಣ್ಣಿಗೆ ಕಾಣುವುದು ಮುಷ್ಟಿ ಮಾತ್ರ. ಆದರೆ ಗುದ್ದು ಹುಟ್ಟುವುದು ಪಾದದಲ್ಲಿ. ಹಿಂದಿನ ಕಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಆ ತಿರುಗು ಎದೆ, ಭುಜಗಳನ್ನು ದಾಟಿ ಮೊಣಕೈಗೆ, ಅಲ್ಲಿಂದ ಮುಷ್ಟಿಗೆ ಬರುತ್ತದೆ. ಬೀಸಿದ ಬಾರುಕೋಲಿನ ತುದಿಯಲ್ಲಿ ವೇಗ ಕೂಡಿಕೊಳ್ಳುವಂತೆ ಇಲ್ಲಿಯೂ ಒಂದೊಂದು ಕೀಲು ತನ್ನ ಪಾಲಿನ ವೇಗವನ್ನು ಸೇರಿಸುತ್ತದೆ. ತಾಗುವ ಕ್ಷಣದಲ್ಲಿ ತೋಳು, ಮಣಿಕಟ್ಟು ಬಿಗಿಯಾದರೆ ದೇಹದ ಭಾರವೂ ಮುಷ್ಟಿಯ ಹಿಂದೆ ನಿಲ್ಲುತ್ತದೆ.

ಅಂದರೆ ಗುದ್ದಿನ ಬಲ ನಿಂತಿರುವುದು ವೇಗ ಮತ್ತು ಭಾರ, ಇವೆರಡರ ಮೇಲೆ. ವಯಸ್ಸಾದಂತೆ ಭಾರವೇನೂ ಇಳಿಯುವುದಿಲ್ಲ, ಸಾಮಾನ್ಯವಾಗಿ ಏರುತ್ತದೆ. ಕಿನ್ಷಾಸಾದಲ್ಲಿ ಫೋರ್‌ಮನ್ ಸುಮಾರು 100 ಕಿಲೊ ತೂಗುತ್ತಿದ್ದ, ಲಾಸ್ ವೇಗಾಸ್‌ನಲ್ಲಿ 113 ಕಿಲೊ. ತೂಕಕ್ಕೆ ಮೇಲ್ಮಿತಿಯೇ ಇಲ್ಲದ ಹೆವಿವೇಟ್ ವಿಭಾಗದಲ್ಲಿ ಇದಕ್ಕೆ ಅಡ್ಡಿಯಿಲ್ಲ.

ಕುಂದುವುದು ವೇಗ. ನಮ್ಮ ಸ್ನಾಯುಗಳಲ್ಲಿ ಥಟ್ಟನೆ ಸೆಳೆಯುವ ಎಳೆಗಳೂ ಇವೆ, ನಿಧಾನವಾಗಿ ದುಡಿಯುವ ಎಳೆಗಳೂ ಇವೆ. ವಯಸ್ಸು ಮೊದಲು ಸವೆಸುವುದು ಥಟ್ಟನೆ ಸೆಳೆಯುವ ಎಳೆಗಳನ್ನು. ಆದ್ದರಿಂದ ಭಾರ ಎತ್ತುವ ಶಕ್ತಿ ಉಳಿದಿರುವಾಗಲೇ ಚುರುಕು ಇಳಿಯತೊಡಗುತ್ತದೆ. ಒಂದು ಗುದ್ದಿನ ಹಿಂದೆಯೇ ಎರಡನೆಯದನ್ನು ಹೂಡುವುದು, ಎದುರಾಳಿ ಸರಿದತ್ತ ಹೆಜ್ಜೆ ಹಾಕುವುದು, ಬರುವ ಪೆಟ್ಟಿನಿಂದ ತಲೆ ತಪ್ಪಿಸುವುದು ಎಲ್ಲವೂ ತಡವಾಗುತ್ತವೆ. ಕಟ್ಟಿಗೆ ಒಡೆಯುವ ಮುದುಕನ ಏಟಿಗೆ ಕೊರಡು ಈಗಲೂ ಸೀಳುತ್ತದೆ. ಆದರೆ ಕೊರಡು ಪಕ್ಕಕ್ಕೆ ಸರಿಯುವುದಿಲ್ಲ, ತಿರುಗಿ ಹೊಡೆಯುವುದೂ ಇಲ್ಲ.

ಫೋರ್‌ಮನ್‌ನ ಕಥೆಯಲ್ಲೇ ಇದಕ್ಕೆ ಸಾಕ್ಷಿಯಿದೆ. 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಅವನು ಜೋ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಬಾರಿ ಕೆಡವಿದ್ದ. ಹತ್ತು ವರ್ಷ ಅಖಾಡದಿಂದ ದೂರವಿದ್ದು 1987ರಲ್ಲಿ ಮರಳಿದ ಫೋರ್‌ಮನ್ ಬೇರೆಯೇ ಮನುಷ್ಯ. ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ತೋಳುಗಳನ್ನು ಅಡ್ಡ ಹಿಡಿದು ಪೆಟ್ಟು ತಡೆದು, ಅಳೆದು ಸುರಿದು ಗುದ್ದುತ್ತಿದ್ದ. 1991ರಲ್ಲಿ 28 ವರ್ಷದ ಇವಾಂಡರ್ ಹೋಲಿಫೀಲ್ಡ್ ಹನ್ನೆರಡು ಸುತ್ತು ಆಡಿ ಅವನನ್ನು ಅಂಕಗಳ ಮೇಲೆ ಸೋಲಿಸಿದ. ಮೂರರ್ ಮಾತ್ರ ಎದುರಿಗೇ ನಿಂತುಬಿಟ್ಟ. ಮುಷ್ಟಿ ಅದೇ, ಸಿಕ್ಕ ಅವಕಾಶ ಬೇರೆ.

ಕೊಂಡಿ ಕಳಚಿದಾಗ

ಗಾಯದ ಲೆಕ್ಕ ಬೇರೆ. ವಯಸ್ಸು ಎಲ್ಲ ಕೀಲುಗಳನ್ನೂ ಮೆಲ್ಲಗೆ ಸವೆಸಿದರೆ, ಗಾಯ ಒಂದು ಕೊಂಡಿಯನ್ನು ಒಮ್ಮೆಗೇ ಕಳಚುತ್ತದೆ. 2000ದ ಏಪ್ರಿಲ್ 1ರಂದು ಬರ್ಲಿನ್‌ನಲ್ಲಿ ವಿಟಾಲಿ ಕ್ಲಿಚ್ಕೊ ಅಂಕಗಳಲ್ಲಿ ಮುಂದಿದ್ದರೂ ಎಡಭುಜದ ಗಾಯದಿಂದ ಒಂಬತ್ತು ಸುತ್ತಿಗೇ ಆಟ ಬಿಟ್ಟ. ಪಟ್ಟ ಕ್ರಿಸ್ ಬರ್ಡ್ ಪಾಲಾಯಿತು. 2017ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ 36 ವರ್ಷದ ಡೇವಿಡ್ ಹೇಗೆ ಆರನೆಯ ಸುತ್ತಿನಲ್ಲಿ ಪೆಟ್ಟಾದದ್ದು ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ. ನೆಲ ಒತ್ತಲು ಕಾಲೇ ಇಲ್ಲದ ಮೇಲೆ ಗುದ್ದಿಗೆ ಬಲ ಎಲ್ಲಿಂದ ಬರಬೇಕು? ಹನ್ನೊಂದನೆಯ ಸುತ್ತಿನಲ್ಲಿ ಟೋನಿ ಬೆಲ್ಯೂ ಅವನನ್ನು ಸೋಲಿಸಿದ.

ಮುರಿದ ಮೂಳೆ ಕೂಡಿಕೊಳ್ಳುತ್ತದೆ. ರಜ್ಜುಗಳಿಗೆ ರಕ್ತಸಂಚಾರ ಕಡಿಮೆ, ಮಾಯುವುದು ನಿಧಾನ, ವಯಸ್ಸಾದವರಲ್ಲಿ ಇನ್ನೂ ನಿಧಾನ. ಹಾಗೆಂದು ಗಾಯವೇ ಕೊನೆಯಲ್ಲ. ಕ್ಲಿಚ್ಕೊ ಗುಣಮುಖನಾಗಿ ಮತ್ತೆ ಚಾಂಪಿಯನ್ ಆದ, 41ನೆಯ ವಯಸ್ಸಿನಲ್ಲೂ ಪಟ್ಟ ಉಳಿಸಿಕೊಂಡ.

ಮರಳಿನ ಚೀಲದ ಸುಳ್ಳು

ಅಪಾಯವಿರುವುದು ಉಳಿದ ಗುದ್ದಿನಲ್ಲಿ. ಅಭ್ಯಾಸದ ಕೋಣೆಯಲ್ಲಿ ನೇತುಹಾಕಿದ ಚೀಲ ಹಿಂದಿನಂತೆಯೇ ಅದುರಿದಾಗ, ತಾನಿನ್ನೂ ಹಳೆಯ ಹುಲಿ ಎಂದು ಬಾಕ್ಸರ್‌ಗೆ ಅನ್ನಿಸುತ್ತದೆ. ಚಾಂಪಿಯನ್ ಆಗಿಯೇ 1949ರಲ್ಲಿ ನಿವೃತ್ತನಾಗಿದ್ದ ಜೋ ಲೂಯಿಸ್, ತೆರಿಗೆ ಸಾಲದ ಹೊರೆಯಿಂದ ಅಖಾಡಕ್ಕೆ ಮರಳಿದ. 1951ರಲ್ಲಿ, 37ನೆಯ ವಯಸ್ಸಿನಲ್ಲಿ, ರಾಕಿ ಮಾರ್ಸಿಯಾನೊ ಅವನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿದ. 1980ರಲ್ಲಿ 38 ವರ್ಷದ ಅಲಿ, ಲ್ಯಾರಿ ಹೋಮ್ಸ್‌ನಿಂದ ಹತ್ತು ಸುತ್ತು ಪೆಟ್ಟು ತಿಂದ. ಕೊನೆಗೆ ತರಬೇತುದಾರನೇ ಆಟ ನಿಲ್ಲಿಸಬೇಕಾಯಿತು. 2024ರ ನವೆಂಬರ್ 15ರಂದು 58 ವರ್ಷದ ಮೈಕ್ ಟೈಸನ್ 27 ವರ್ಷದ ಜೇಕ್ ಪಾಲ್ ಎದುರು ಇಳಿದ. ಅಭ್ಯಾಸದ ಚಿತ್ರಗಳಲ್ಲಿ ಗುದ್ದು ಗುಡುಗುತ್ತಿತ್ತು. ಅಖಾಡದಲ್ಲಿ ಮೊದಲ ಸುತ್ತುಗಳು ಕಳೆಯುತ್ತಿದ್ದಂತೆ ಕಾಲು ಸೋತವು. ಎರಡೆರಡು ನಿಮಿಷದ ಎಂಟು ಸುತ್ತುಗಳ ಕೊನೆಗೆ ತೀರ್ಪುಗಾರರು ಒಮ್ಮತದಿಂದ ಪಾಲ್‌ನನ್ನು ಗೆಲ್ಲಿಸಿದರು.

ಸೋಲು ಗೆಲುವಿಗಿಂತ ದೊಡ್ಡದು ತಲೆಯ ಪ್ರಶ್ನೆ. ಹೊಡೆಯುವ ಶಕ್ತಿ ಇದ್ದು ತಪ್ಪಿಸಿಕೊಳ್ಳುವ ಚುರುಕು ಹೋದವನು, ಒಂದು ಗುದ್ದು ತಾಗಿಸಲು ಹತ್ತಾರು ಗುದ್ದು ತಿನ್ನಬೇಕಾಗುತ್ತದೆ. ತಲೆಗೆ ಬಿದ್ದ ಪೆಟ್ಟುಗಳ ಲೆಕ್ಕವನ್ನು ಮಿದುಳು ಮರೆಯುವುದಿಲ್ಲ. ಅದರ ಫಲ ಕಾಣಿಸಿಕೊಳ್ಳುವುದು ವರ್ಷಗಳ ನಂತರ, ನಡುಗುವ ಕೈಯಲ್ಲಿ, ತೊದಲುವ ಮಾತಿನಲ್ಲಿ.

ಫೋರ್‌ಮನ್ 1997ರಲ್ಲಿ, 48ನೆಯ ವಯಸ್ಸಿನಲ್ಲಿ, ಶಾನನ್ ಬ್ರಿಗ್ಸ್ ಎದುರು ಅಂಕಗಳ ಮೇಲೆ ಸೋತು ಅಖಾಡ ಬಿಟ್ಟ. 76 ಗೆಲುವು, ಅವುಗಳಲ್ಲಿ 68 ನಾಕೌಟ್. ಮತ್ತೆ ಮರಳಲಿಲ್ಲ. 2025ರ ಮಾರ್ಚ್ 21ರಂದು ತೀರಿಕೊಂಡಾಗ ಅವನಿಗೆ 76 ವರ್ಷ. ಅವನನ್ನು ನೋಡಿ ಮರಳಲು ಹೊರಡುವ ಹಳೆಯ ಬಾಕ್ಸರ್ ತಾನು ಇನ್ನೂ ಎಷ್ಟು ಬಲವಾಗಿ ಗುದ್ದಬಲ್ಲೆ ಎಂದು ಚೀಲವನ್ನು ಕೇಳುವ ಮೊದಲು, ಎಷ್ಟು ಗುದ್ದು ತಪ್ಪಿಸಿಕೊಳ್ಳಬಲ್ಲೆ ಎಂದು ತನ್ನ ಕಾಲನ್ನು ಕೇಳುವುದು ಒಳ್ಳೆಯದು.