ದೇವರಿಗೆ ಲೆಕ್ಕ ಒಪ್ಪಿಸಿದ ಅರ್ಥಶಾಸ್ತ್ರಜ್ಞ

ಕ್ರೈಸ್ತ ಧರ್ಮದಲ್ಲಿ ದೀನತೆಯ ಮಾತು ಬಂದಾಗ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ನೆನೆಯುವುದು ವಾಡಿಕೆ. ಆದರೆ ಎಲ್ಲವನ್ನೂ ತ್ಯಜಿಸಿ ಹೊರಟ ಸಂತನ ಬದುಕು ನಮ್ಮಂಥವರಿಗೆ, ಅದರಲ್ಲೂ ಜೀವಮಾನವೆಲ್ಲ ಕಡತ, ವೋಚರು, ಆಯವ್ಯಯಗಳ ನಡುವೆ ಕಳೆದವರಿಗೆ, ದೂರದಿಂದ ಕೈಮುಗಿಯುವ ವಸ್ತುವಾಗಿಯೇ ಉಳಿದುಬಿಡುತ್ತದೆ. ಈ ಕಾರಣದಿಂದಲೇ ಜೆ.ಸಿ. ಕುಮಾರಪ್ಪನವರು ನನಗೆ ಹೆಚ್ಚು ಹತ್ತಿರದವರೆನಿಸುತ್ತಾರೆ. ಅವರು ಲೆಕ್ಕಪತ್ರವನ್ನೇ ಆರಾಧನೆಯನ್ನಾಗಿ ಮಾಡಿಕೊಂಡವರು.

1892ರಲ್ಲಿ ತಂಜಾವೂರಿನ ಕ್ರೈಸ್ತ ಕುಟುಂಬವೊಂದರಲ್ಲಿ ಹುಟ್ಟಿದ ಅವರ ಮೊದಲ ಹೆಸರು ಜೋಸೆಫ್ ಚೆಲ್ಲದುರೈ ಕಾರ್ನೇಲಿಯಸ್. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು ಮುಂಬಯಿಯಲ್ಲಿ ವೃತ್ತಿ ನಡೆಸುತ್ತಿದ್ದ ಈ ಸೂಟುಧಾರಿ, ಹೆಚ್ಚಿನ ಓದಿಗಾಗಿ ಅಮೆರಿಕಕ್ಕೆ ಹೋದರು. ಅಲ್ಲಿನ ಇಗರ್ಜಿಯೊಂದರಲ್ಲಿ ಭಾರತ ಏಕೆ ಬಡವಾಗಿದೆ ಎಂಬ ಬಗ್ಗೆ ಅವರು ಆಡಿದ ಮಾತು ಪತ್ರಿಕೆಯಲ್ಲಿ ವರದಿಯಾಯಿತು. ಅದನ್ನು ಕಂಡ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸೆಲಿಗ್ಮನ್ನರು, ಅದನ್ನೇ ಪ್ರಬಂಧದ ವಿಷಯವಾಗಿಸಿಕೊಳ್ಳಲು ಸೂಚಿಸಿದರು. ಬ್ರಿಟಿಷ್ ಸರ್ಕಾರದ ತೆರಿಗೆ ಮತ್ತು ವೆಚ್ಚಗಳನ್ನು ಅಂಕಿಅಂಶಗಳ ಮೂಲಕ ಶೋಧಿಸುತ್ತ ಹೋದಂತೆ, ಸಾಮ್ರಾಜ್ಯದ ಮೇಲೆ ಅವರಿಗಿದ್ದ ವಿಶ್ವಾಸ ಕರಗಿತು. 1929ರ ಮೇ ತಿಂಗಳಲ್ಲಿ ಆ ಪ್ರಬಂಧವನ್ನು ಹಿಡಿದು ಸಾಬರಮತಿಗೆ ಬಂದಾಗ, ಮರದಡಿ ಸಗಣಿ ಸಾರಿಸಿದ ನೆಲದ ಮೇಲೆ ಕುಳಿತು ನೂಲುತ್ತಿದ್ದ ಮುದುಕರೇ ಗಾಂಧೀಜಿ ಎಂದು ತಿಳಿಯಲು ಅವರಿಗೆ ತುಸು ಹೊತ್ತು ಬೇಕಾಯಿತಂತೆ. ರೇಷ್ಮೆಯಂಥ ಬಟ್ಟೆಯ ಮಡಿಕೆ ಕೆಡುವುದನ್ನೂ ಲೆಕ್ಕಿಸದೆ ಎದುರಿಗೆ ನೆಲದ ಮೇಲೆಯೇ ಕುಳಿತರು. ಮುಂದೆ ಆ ಉಡುಪೂ ಹೋಯಿತು, ಕಾರ್ನೇಲಿಯಸ್ ಎಂಬ ಹೆಸರೂ ಹೋಯಿತು. ಕ್ರಿಸ್ತನಲ್ಲಿನ ನಂಬಿಕೆ ಮಾತ್ರ ಗಟ್ಟಿಯಾಯಿತು.

ಇಲ್ಲೊಂದು ಮಾತು ಹೇಳಬೇಕು. ಕುಮಾರಪ್ಪನವರು ಮೃದು ಸ್ವಭಾವದವರಲ್ಲ, ಬೇಗ ಸಿಟ್ಟಿಗೇಳುತ್ತಿದ್ದರು. 1930ರಲ್ಲಿ, ನಿಶ್ಶಸ್ತ್ರ ಸತ್ಯಾಗ್ರಹಿಗಳ ಮೇಲೆ ಲಾಠಿ ಬೀಸುತ್ತಿರುವಾಗ ಕ್ರಿಸ್ತನ ಅನುಯಾಯಿಗಳು ಸುಮ್ಮನಿರುವುದು ಹೇಗೆಂದು ಮಿಷನರಿಗಳನ್ನು ಬಹಿರಂಗವಾಗಿ ಕೇಳಿದರು. ಆಂಗ್ಲಿಕನ್ ಸಭೆಯ ಪರಮೋಚ್ಚ ಬಿಷಪ್ ವೆಸ್ಟ್‌ಕಾಟ್ ಅವರೊಡನೆಯೂ ವಾದಕ್ಕಿಳಿದರು. ದೀನತೆ ಎಂದರೆ ತಲೆತಗ್ಗಿಸಿ ನಿಲ್ಲುವುದೆಂದು ತಿಳಿದವರಿಗೆ ಇದು ಒಗಟಾಗಿ ಕಾಣಬಹುದು. ಸರ್ಕಾರಿ ಕಚೇರಿಗಳಲ್ಲಿ ನಾನು ಕಂಡ ವಿನಯದ ಬಹುಪಾಲು ಮೇಲಿನವರ ಮುಂದಷ್ಟೇ ಪ್ರಕಟವಾಗುತ್ತಿತ್ತು. ಅರ್ಜಿ ಹಿಡಿದು ಬಾಗಿಲಲ್ಲಿ ನಿಂತ ರೈತನ ಮುಂದೆ ಅದರ ಸುಳಿವೂ ಇರುತ್ತಿರಲಿಲ್ಲ. ಕುಮಾರಪ್ಪನವರದು ಇದಕ್ಕೆ ತಿರುವುಮುರುವಾದ ಕ್ರಮ.

1934ರ ಬಿಹಾರ ಭೂಕಂಪದ ಪರಿಹಾರ ಕಾರ್ಯದಲ್ಲಿ ಲೆಕ್ಕಪತ್ರದ ಹೊಣೆ ಅವರದಾಗಿತ್ತು. ಕಾರ್ಯಕರ್ತರ ಊಟದ ಖರ್ಚಿಗೂ ಅವರು ಕಟ್ಟುನಿಟ್ಟಾದ ಮಿತಿ ಹಾಕಿದರು. ಗಾಂಧೀಜಿ ಪರಿವಾರ ಸಮೇತ ಬಂದಾಗ, ಆ ಪರಿವಾರದ ವೆಚ್ಚವನ್ನು ಸಂತ್ರಸ್ತರ ನಿಧಿಯಿಂದ ಭರಿಸಲಾಗದೆಂದು ಮಹಾದೇವ ದೇಸಾಯಿಯವರಿಗೆ ನೇರವಾಗಿ ತಿಳಿಸಿದರು. ಗಾಂಧೀಜಿ ಅದನ್ನು ಒಪ್ಪಿಕೊಂಡರು. ಬರ ಪರಿಹಾರದ ಬಿಲ್ಲುಗಳನ್ನೂ ಗಣ್ಯರ ಭೇಟಿಯ ದಿನದ ವಾಹನಗಳ ಲಾಗ್‌ಬುಕ್ಕುಗಳನ್ನೂ ನೋಡಿದವರಿಗೆ ಈ ಪ್ರಸಂಗದ ತೂಕ ತಿಳಿದೀತು. ಪರರ ಸಂಕಟಕ್ಕಾಗಿ ಬಂದ ಹಣದ ಒಂದು ಕಾಸೂ ತನ್ನದಲ್ಲವೆಂಬ ಅರಿವು ಲೆಕ್ಕಪರಿಶೋಧಕನ ಭಯದಿಂದ ಹುಟ್ಟುವುದಲ್ಲ. ತಾನು ಒಡೆಯನಲ್ಲ, ಪಾರುಪತ್ಯಗಾರ ಮಾತ್ರ ಎಂಬುದು ಯೇಸುವಿನ ಹಲವು ಸಾಮತಿಗಳ ತಿರುಳು. ಕುಮಾರಪ್ಪನವರು ಅದನ್ನು ಖಾತೆ ಪುಸ್ತಕಕ್ಕೆ ಅನ್ವಯಿಸಿದರು.

ಅದೇ ವರ್ಷದ ಕೊನೆಗೆ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪನೆಯಾಗಿ, ಅವರು ವಾರ್ಧಾದ ಮಗನವಾಡಿಯಲ್ಲಿ ಎಣ್ಣೆಗಾಣ, ಕೈಕಾಗದ, ಜೇನು ಸಾಕಣೆಗಳಲ್ಲಿ ಮುಳುಗಿದರು. ಕ್ವಿಟ್ ಇಂಡಿಯಾ ಕಾಲದ ಸೆರೆವಾಸದಲ್ಲಿ ಜಬಲ್ಪುರದಲ್ಲಿ ಎರಡು ಪುಸ್ತಕ ಬರೆದರು: ಒಂದು ಯೇಸುವಿನ ಆಚರಣೆ ಮತ್ತು ಉಪದೇಶಗಳನ್ನು ಕುರಿತದ್ದು, ಇನ್ನೊಂದು ಶಾಶ್ವತತೆಯ ಅರ್ಥವ್ಯವಸ್ಥೆಯನ್ನು ಕುರಿತದ್ದು. 1945ರಲ್ಲಿ ಎರಡಕ್ಕೂ ಗಾಂಧೀಜಿಯೇ ಮುನ್ನುಡಿ ಬರೆದರು. ನಾನು ಅರ್ಥಶಾಸ್ತ್ರದ ಎಂ.ಎ. ಓದಿದ ಎರಡು ವರ್ಷಗಳಲ್ಲಿ ಈ ಹೆಸರನ್ನು ಒಬ್ಬ ಅಧ್ಯಾಪಕರೂ ಎತ್ತಲಿಲ್ಲವೆಂಬುದು ಬೇರೆ ಮಾತು.

ಇವೆರಡನ್ನೂ ಜೊತೆಯಾಗಿ ಓದಬೇಕು. ಎರಡನೆಯದರಲ್ಲಿ ಅವರು ಪ್ರಕೃತಿಯಲ್ಲಿ ಐದು ಬಗೆಯ ಅರ್ಥವ್ಯವಸ್ಥೆಗಳನ್ನು ಗುರುತಿಸುತ್ತಾರೆ. ಬೇಟೆಯನ್ನು ಕೊಂದು ತಿನ್ನುವ ಹುಲಿ, ನೆಡದ ತೋಪಿನ ಹಣ್ಣು ಕೀಳುವ ಮಂಗ, ತನ್ನ ಗೂಡನ್ನು ತಾನೇ ಕಟ್ಟುವ ಹಕ್ಕಿ, ಗುಂಪಿಗಾಗಿ ದುಡಿಯುವ ಜೇನು, ಕೊನೆಗೆ ಪ್ರತಿಫಲ ಬಯಸದೆ ಮರಿಗೆ ಉಣಿಸುವ ತಾಯಿ. ಶಿಷ್ಯರ ಪಾದ ತೊಳೆದ ಯೇಸು ಈ ಏಣಿಯ ಕೊನೆಯ ಮೆಟ್ಟಿಲಲ್ಲಿ ಕಾಣುತ್ತಾನೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಆಹಾರವನ್ನು ಬೇಡುವುದು ಅಂದಿಗಷ್ಟೇ. ಬೇಡುವುದೂ ನನಗೆಂದಲ್ಲ, ನಮಗೆಂದು. ಹತ್ತಾರು ಕೋಟಿ ಜನ ದಿನವೂ ಪಠಿಸುವ ಈ ಕೋರಿಕೆಯನ್ನು ಅಕ್ಷರಶಃ ಪಾಲಿಸಿದರೆ ಇಂದಿನ ಮಾಲ್‌ಗಳ ಗತಿಯೇನು? ಬಳಕೆ ಕುಗ್ಗಿದರೆ ಉದ್ಯೋಗವೂ ಕುಗ್ಗುವುದೆಂಬ ಆಕ್ಷೇಪವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ತಳ್ಳಿಹಾಕಲಾರೆ. ಗ್ರಾಮೋದ್ಯೋಗಗಳ ಬಗ್ಗೆ ಕುಮಾರಪ್ಪನವರ ನಿರೀಕ್ಷೆ ಕೆಲವೆಡೆ ಅತಿಯಾಯಿತೆಂದೂ ನನ್ನ ಅಭಿಪ್ರಾಯ. ಆದರೆ ಮಣ್ಣು, ನೀರು, ಕಾಡುಗಳನ್ನು ಬಂಡವಾಳವೆಂದು ಎಣಿಸದೆ ವರಮಾನವೆಂದು ಖರ್ಚು ಮಾಡುವುದು ತಪ್ಪು ಲೆಕ್ಕವೆಂದು ಅವರು ಅಂದೇ ಎಚ್ಚರಿಸಿದ್ದರು. ಕೊಳವೆಬಾವಿಗಳು ಬತ್ತುತ್ತಿರುವ ನಮಗೆ ಅದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸ್ವಾತಂತ್ರ್ಯಾನಂತರ ಕಾಂಗ್ರೆಸ್ಸಿನ ಕೃಷಿ ಸುಧಾರಣಾ ಸಮಿತಿಗೆ ಅವರೇ ಅಧ್ಯಕ್ಷರು. 1949ರ ಅದರ ವರದಿ ಮಧ್ಯವರ್ತಿಗಳನ್ನು ತೊಲಗಿಸಿ ಭೂಮಿ ಉಳುವವನಿಗೆ ಸಲ್ಲಬೇಕೆಂದಿತು. ಜಾರಿಗೆ ಬಂದದ್ದು ಅಲ್ಪ. ಅವಿವಾಹಿತರಾದ ಕುಮಾರಪ್ಪ, ಅನಾರೋಗ್ಯದ ಕೊನೆಯ ವರ್ಷಗಳನ್ನು ಮಧುರೈ ಬಳಿಯ ಕಲ್ಲುಪಟ್ಟಿಯ ಆಶ್ರಮದಲ್ಲಿ ಕಳೆದು, 1960ರ ಜನವರಿ 30ರಂದು ತೀರಿಕೊಂಡರು. ಅವರ ಗುಡಿಸಲಿನ ಗೋಡೆಯ ಮೇಲೆ ಗಾಂಧೀಜಿಯ ಚಿತ್ರದ ಜೊತೆಗೆ ಬಡ ರೈತನೊಬ್ಬನ ಚಿತ್ರವೂ ಇತ್ತು. ಕೇಳಿದವರಿಗೆ ಅವರು ಗಾಂಧಿ ತಮ್ಮ ಗುರುವೆಂದೂ, ಈತ ಆ ಗುರುವಿನ ಗುರುವೆಂದೂ ಪರಿಚಯಿಸುತ್ತಿದ್ದರು.